ಖಾರದ ಗುಂಡಿ

ಒಂದು ವಸ್ತುವಿಗೆ ಕಾರ್ಖಾನೆಯಲ್ಲಿ ಇಟ್ಟ ಹೆಸರು ಬೇರೆ, ಮನೆಯಲ್ಲಿ ಬಿದ್ದ ಹೆಸರು ಬೇರೆ. ಮನುಷ್ಯರಿಗೂ ಅಷ್ಟೆ. ಹಾಜರಿ ಪುಸ್ತಕದಲ್ಲಿ ಮಲ್ಲಿಕಾರ್ಜುನನಾಗಿ ಗಂಭೀರವಾಗಿ ಕೂತಿರುವವನು ಓಣಿಗೆ ಬಂದ ಕೂಡಲೇ ಮಲ್ಲ್ಯಾ ಆಗುತ್ತಾನೆ. ಎರಡಕ್ಕೂ ಓಗೊಡುತ್ತಾನೆ, ಯಾರಿಗೂ ತೊಂದರೆಯಿಲ್ಲ. ತೊಂದರೆಯೆಲ್ಲ ನನ್ನಂಥವರಿಗೆ. ನಾನು ಮೊದಲಿನಿಂದಲೂ ಸರಿಯಾದ ಹೆಸರಿನ ಪಕ್ಷದವನು. ಶಹಾಬಾದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ತಿದ್ದಲು ಮಕ್ಕಳ ಉತ್ತರ ಪತ್ರಿಕೆ ಸಿಗದೆ, ಮನೆಯವರ ಮಾತನ್ನೇ ತಿದ್ದತೊಡಗಿದೆ. "ಬಲ್ಬ್ ಹೋಯ್ತು ನೋಡ್ರಿ" ಎಂದು ನನ್ನ ಹೆಂಡತಿ ಸುಭದ್ರಾ ಹೇಳಿದರೆ, "ಬಲ್ಬ್ ಎಲ್ಲೂ ಹೋಗಿಲ್ಲ, ಅಲ್ಲೇ ಅದ. ಒಳಗಿನ ತಂತಿ ಹರದದ" ಎನ್ನುತ್ತಿದ್ದೆ. ಅವಳು ಕತ್ತಲಲ್ಲೇ ತಡಕಾಡುತ್ತ, "ಕತ್ತಲಂತೂ ಒಂದೇ ಅದ ಅಲ್ರಿ" ಎಂದು ಒಳಗೆ ಹೋಗುತ್ತಿದ್ದಳು. ಅವಳು ಹೇಳಿದ್ದರಲ್ಲಿ ವೈಜ್ಞಾನಿಕವಾಗಿ ತಪ್ಪೇನೂ ಸಿಗುತ್ತಿರಲಿಲ್ಲ. ಅದೇ ನನಗೆ ಇನ್ನಷ್ಟು ಬೇಸರ ತರಿಸುತ್ತಿತ್ತು.

ನಿವೃತ್ತಿಯೆಂದರೆ ವಿಶ್ರಾಂತಿ ಎಂದು ಬೀಳ್ಕೊಡುಗೆಯ ದಿನ ಎಲ್ಲರೂ ಭಾಷಣ ಮಾಡಿದ್ದರು. ಅದು ವಿಶ್ರಾಂತಿಯಲ್ಲ, ನಾವಿಲ್ಲದೆಯೂ ಗಂಟೆ ಹೊಡೆಯುತ್ತದೆ ಎಂಬ ಸುದ್ದಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ ಮತ್ತೆ ಕೂತುಬಿಡುತ್ತಿದ್ದೆ. ಆ ದಿನಗಳಲ್ಲಿ ನನ್ನನ್ನು ಕಾಯುತ್ತಿದ್ದ ಒಂದೇ ಒಂದು ಜಾಗವೆಂದರೆ ನಮ್ಮ ಓಣಿಯ ಭಜನಾ ಮಂಡಳಿ. ಸೋಮವಾರ ಸಂಜೆ ಸಿದ್ರಾಮಪ್ಪನ ಮನೆಯ ಪಡಸಾಲೆಯಲ್ಲಿ ತತ್ವಪದ ಹಾಡುತ್ತಿದ್ದರು. ಸಿದ್ರಾಮಪ್ಪ ಫರಸಿ ಕಲ್ಲು ಪಾಲಿಶ್ ಮಾಡುವ ಕೆಲಸ ಮಾಡಿ ಬಿಟ್ಟವನು, ಮಂಡಳಿಯ ಮುಖ್ಯ ಹಾಡುಗಾರ. ಅವನ ಹೆಂಡತಿ ನೀಲಮ್ಮ ಬಾಗಿಲ ಸಂದಿಯಲ್ಲಿ ಕೂತು ಕೇಳುತ್ತ, ಹದ ನೋಡಿ ಚಹಾ ತರುತ್ತಿದ್ದಳು. ತಬಲಾಕ್ಕೆ ಆಟೋ ಓಡಿಸುವ ಮೈಬೂಬಸಾಬ. ನಾನು ಮೊದಲು ಹಾಡಲೆಂದೇ ಸೇರಿದ್ದೆ. ಒಂದು ಸಂಜೆ ಹಾಡಿದೆ. ಆಮೇಲೆ ತಾಳ ಕೊಟ್ಟರು. ಅದನ್ನೂ ಒಂದು ಸಂಜೆ ಬಾರಿಸಿದೆ. ಮುಂದಿನ ವಾರ ಸಿದ್ರಾಮಪ್ಪ ಬಹಳ ಗೌರವದಿಂದ, "ಸರ್, ನೀವು ಸೈನ್ಸ್ ಓದಿದವರು, ಮಶೀನ್ ನೀವೇ ನೋಡ್ಕೋರಿ" ಎಂದು ನನ್ನನ್ನು ಆಂಪ್ಲಿಫಾಯರ್ ಹಿಂದೆ ಕೂರಿಸಿದ. ನನ್ನನ್ನು ಬದಿಗೆ ಸರಿಸಿದ್ದು ನನಗೆ ಗೊತ್ತಾಗದೇ ಇರಲಿಲ್ಲ. ಆದರೂ ಕೂತೆ. ನಾನು ಗುಂಡಿ ತಿರುಗಿಸದಿದ್ದರೆ ಶುರುವಾಗದ ಸಂಗತಿ ಅಂತ ಈ ಊರಿನಲ್ಲಿ ಉಳಿದಿದ್ದು ಅದೊಂದೇ. ಆ ಜಾಗ ಹೋದರೆ ನನಗೆ ಬೇರೆ ಜಾಗವಿರಲಿಲ್ಲ.

ನಮ್ಮೂರಿನ ಮನೆಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನೆಲಕ್ಕೂ ಫರಸಿ, ಗೋಡೆಗೂ ಫರಸಿ, ಹಳೆಯ ಮನೆಗಳಲ್ಲಿ ಮಾಳಿಗೆಗೂ ಫರಸಿ. ಇಂಥ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗುವ ದಾರಿ ಸಿಗದೆ ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತ ಇರುತ್ತದೆ. ಗಂಡ ಹೆಂಡತಿ ಜಗಳವಾಡಿದರೆ ಇಬ್ಬರಿಗೂ ಎರಡೆರಡು ಸಲ ಕೇಳಿಸುತ್ತದೆ. ಅದರಲ್ಲಿ ಮೈಕು ಹಚ್ಚಿ ಹಾಡುವುದೆಂದರೆ ಗುಂಡಿಗಳ ಮೇಲೆ ಸದಾ ಕೈ ಇರಬೇಕು. ಹಾಡುತ್ತಿರುವವನು ನಡುವೆ ಒಂದೇ ಮಾತಿನಲ್ಲಿ ಹೇಳಿಬಿಡಬೇಕು, ನಾನು ತಕ್ಷಣ ತಿರುಗಿಸಬೇಕು. ಇದಕ್ಕಾಗಿಯೇ ಮಂಡಳಿಯವರು, ನಾನು ಸೇರುವ ಮೊದಲೇ, ಪ್ರತಿ ಗುಂಡಿಗೂ ಒಂದು ಹೆಸರು ಇಟ್ಟುಕೊಂಡಿದ್ದರು. ಟ್ರೆಬಲ್ ಎಂಬುದು ಖಾರ, ಏಕೆಂದರೆ ಹೆಚ್ಚಾದರೆ ಕಿವಿ ಉರಿಯುತ್ತದೆ. ಬಾಸ್ ಎಂಬುದು ಗುದ್ದು, ಏಕೆಂದರೆ ಅದು ಎದೆಗೆ ಗುದ್ದುತ್ತದೆ. ಎಕೋ ಎಂಬುದಕ್ಕೆ, ವಿಜಾಪುರಕ್ಕೆ ಹೋಗಿಬಂದ ಯಾರೋ ಪುಣ್ಯಾತ್ಮರು ಗುಮ್ಮಟ ಎಂದು ಹೆಸರಿಟ್ಟಿದ್ದರು. ಮೈಕು ಎಷ್ಟು ದೂರದ ಸದ್ದನ್ನು ಹಿಡಿಯಬೇಕು ಎಂದು ನಿರ್ಧರಿಸುವ ಗೇನ್ ಎಂಬುದು ಮೈಕಿನ ಕಿವಿ. ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಕುಂಯ್ಯೆಂದು ಕಿರುಚಿಕೊಳ್ಳುತ್ತದಲ್ಲ, ಅದಕ್ಕೆ ಕೂಸು ಎದ್ದಿತು ಎನ್ನುತ್ತಿದ್ದರು. ಶಿವನ ಹೆಸರು ಹಿಡಿದು ಮೇಲಕ್ಕೇರುತ್ತಿದ್ದ ಸಿದ್ರಾಮಪ್ಪ ಉಸಿರು ಬಿಡುವ ಸಂದಿನಲ್ಲಿ "ಖಾರ ಇಳಸ್ರಿ" ಎಂದು ಅದೇ ರಾಗದಲ್ಲಿ ಹೇಳುತ್ತಿದ್ದ. ಹಿಂದೆ ಕೂತ ಮುದುಕಿಯರು ಅದೂ ಪದದ ಸಾಲೇ ಎಂದು ತಿಳಿದು ಜೊತೆಗೆ ಹೇಳುತ್ತಿದ್ದರು.

ಈ ಹೆಸರುಗಳು ಎಲ್ಲ ಕಡೆಯೂ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು ಎಂದು ನೀವು ಅಂದುಕೊಳ್ಳಬೇಡಿ. ನಮ್ಮ ಓಣಿ ದಾಟಿದರೆ ಅವುಗಳ ಆಟ ನಡೆಯುತ್ತಿರಲಿಲ್ಲ. ಒಮ್ಮೆ ನಾಲವಾರದ ಒಂದು ಮಂಡಳಿಯವರು ಕರೆದರೆಂದು ರೈಲು ಹಿಡಿದು ಹೋಗಿದ್ದೆವು. ಅಲ್ಲಿ ಮಶೀನು ಅವರದು, ಹಾಡುಗಾರರು ನಮ್ಮವರು. ಸಿದ್ರಾಮಪ್ಪ ಅಭ್ಯಾಸಬಲದಿಂದ "ಗುಮ್ಮಟ ಏರಸ್ರಿ" ಎಂದ. ಅಲ್ಲಿಯವರಿಗೆ ಗುಮ್ಮಟವೆಂದರೆ ಮೇಲಿನ ದೊಡ್ಡ ಗುಂಡಿ, ಅಂದರೆ ಪೂರ್ತಿ ಆವಾಜು. ಅವರು ಅತಿಥಿಗಳೆಂಬ ಮರ್ಯಾದೆಗೆ ಕೊನೆಯ ತನಕ ಏರಿಸಿದರು. ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು, ಆಮೇಲೆ ಎದ್ದು ಹೋದವರು ನಾಯಿಯನ್ನು ನೋಡಿ ಹೋದರೋ ತಾವಾಗಿಯೇ ಹೋದರೋ ತಿಳಿಯಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ನಾನು ಎಲ್ಲರಿಗೂ ಉಪನ್ಯಾಸ ಕೊಟ್ಟೆ. ಇಡೀ ಪ್ರಪಂಚದಲ್ಲಿ ಟ್ರೆಬಲ್‌ಗೆ ಟ್ರೆಬಲ್ ಅಂತಲೇ ಹೆಸರು, ಅದನ್ನು ಕಲಿತರೆ ನಾಲವಾರದಲ್ಲಿ ಮಾತ್ರವಲ್ಲ, ನ್ಯೂಯಾರ್ಕಿನಲ್ಲೂ ಹಾಡಬಹುದು ಎಂದೆ. "ನ್ಯೂಯಾರ್ಕಿಗೆ ಹೋದಾಗ ನೋಡೋಣ ತಗೋರಿ ಸರ್" ಎಂದು ಮೈಬೂಬಸಾಬ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ.

ಹಳೆಯ ಆಂಪ್ಲಿಫಾಯರ್ ಒಂದು ದಿನ ಹೊಗೆ ಬಿಟ್ಟು ಸತ್ತಿತು. ಊರಿನ ಭಕ್ತರೊಬ್ಬರು ಹೊಸ ಮಿಕ್ಸರನ್ನೂ, ಒಳಗೇ ಆಂಪ್ಲಿಫಾಯರ್ ಇರುವ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನೂ ಕೊಡಿಸಿದರು. ಮಿಕ್ಸರಿನಲ್ಲಿ ಸಾಲುಸಾಲಾಗಿ ಬಣ್ಣಬಣ್ಣದ ಗುಂಡಿಗಳು. ಅದರ ಜೊತೆ ಬಂದ ಪುಸ್ತಿಕೆಯನ್ನು ನಾನು ಪರೀಕ್ಷೆಗೆ ಓದುವವನಂತೆ ಓದಿದೆ. ನನ್ನ ಸುಧಾರಣೆಗೆ ಇದೇ ಕಾಲವೆಂದು ತೋರಿತು. ಹಳೆಯ ಮಶೀನಿನ ಜೊತೆ ಹಳೆಯ ಹೆಸರುಗಳೂ ಹೋಗಲಿ ಎಂದು ಘೋಷಿಸಿದೆ. ಅಂಟುಪಟ್ಟಿ ಕತ್ತರಿಸಿ, ದುಂಡಗಿನ ಅಕ್ಷರದಲ್ಲಿ ಹೈ, ಮಿಡ್, ಲೋ, ಗೇನ್, ಎಫೆಕ್ಟ್ ಎಂದು ಬರೆದು ಅಂಟಿಸಿದೆ. ಖಾರ ಇನ್ನು ಹೈ, ಗುದ್ದು ಲೋ, ಗುಮ್ಮಟ ಎಫೆಕ್ಟ್. ಒಂದು ಸೋಮವಾರ ಹಾಡಿನ ಬದಲು ಪಾಠವೇ ಆಯಿತು. ಗೋಡೆಯ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ಅಲೆ ಬರೆದು, ಇದು ಹತ್ತಿರ ಹತ್ತಿರದ ಅಲೆ, ಇದು ದೂರ ದೂರದ ಅಲೆ ಎಂದು ತೋರಿಸಿದೆ. ಎಷ್ಟೋ ದಿನಗಳ ನಂತರ ಕೈಗೆ ಸುಣ್ಣ ಹತ್ತಿತ್ತು, ಸುಳ್ಳು ಯಾಕೆ, ನನಗೆ ಬಹಳ ಸುಖವಾಯಿತು. ಸಿದ್ರಾಮಪ್ಪ ಕೈಕಟ್ಟಿ ಕೂತು ಎಲ್ಲ ಕೇಳಿ, "ಸರ್, ಹಾಡೋ ಹೊತ್ತಿಗೆ ಇದೆಲ್ಲಾ ನೆಪ್ಪಿಗಿ ಬರ್ತದೇನ್ರಿ?" ಎಂದ. "ಬರ್ತದ. ಅಭ್ಯಾಸ ಬೇಕು. ಇನ್ನ ಮ್ಯಾಲ ಯಾರರೆ ಖಾರ ಅಂದ್ರ ನಾ ಗುಂಡಿ ಮುಟ್ಟಂಗಿಲ್ಲ" ಎಂದು ಮಾಸ್ತರಿಕೆ ಮಾಡಿದೆ.

ಆ ಉತ್ಸಾಹದಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಮಿಕ್ಸರಿನ ಮೂಲೆಯಲ್ಲಿ ಫ್ಯಾಂಟಮ್ ಎಂಬ ಕೆಂಪು ಗುಂಡಿಯಿತ್ತು. ಕೆಲವು ಜಾತಿಯ ಮೈಕುಗಳಿಗೆ ಕಾಣದ ಹಾಗೆ ಕರೆಂಟು ಕಳಿಸುವ ಗುಂಡಿ ಅದು. ನಮಗೆ ಬೇಕಾದದ್ದೇ ಅಲ್ಲ. ಸುಮ್ಮನೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಯಾರೋ ಕೇಳಿದರು, ನಾನು ಶಬ್ದಾರ್ಥ ಸಹಿತ ವಿವರಿಸಿದೆ: ಫ್ಯಾಂಟಮ್ ಅಂದರೆ ಭೂತ. ಪಡಸಾಲೆ ತಣ್ಣಗಾಯಿತು. ಶಿವನ ಹಿಂದೆ ಭೂತಗಣಗಳೇ ಇರುತ್ತವಲ್ಲ ಎಂದು ನಾನು ಸಮಾಧಾನ ಹೇಳಿದೆ. "ಹಿಂದ ಇರ್ಲಿ ತಗೋರಿ ಸರ್, ಮೈಕಿನ್ಯಾಗ ಬ್ಯಾಡ್ರಿ" ಎಂದು ಬಾಗಿಲ ಸಂದಿಯಿಂದ ನೀಲಮ್ಮ ಹೇಳಿದಳು. ಮುಂದಿನ ವಾರ ಬಂದು ನೋಡಿದರೆ ಆ ಗುಂಡಿಯ ಮೇಲೆ ವಿಭೂತಿ ಬಳಿದು, ಮೇಲೊಂದು ಅಂಟುಪಟ್ಟಿ ಮೆತ್ತಿದ್ದರು. ವಿಜ್ಞಾನದ ಮಾಸ್ತರನಾಗಿ ನಾನು ಅದನ್ನು ಕೀಳಬೇಕಿತ್ತು, ಕೀಳಲಿಲ್ಲ.

ಅಂದಿನಿಂದ ಮಂಡಳಿಯಲ್ಲಿ ಒಂದು ಬದಲಾವಣೆಯಾಯಿತು. ಎಲ್ಲರೂ ನನಗೆ ಹೇಳುವುದನ್ನೇ ಬಿಟ್ಟರು. ಹಾಡಿನ ನಡುವೆ ಸಿದ್ರಾಮಪ್ಪ ನನ್ನ ಕಡೆ ತಿರುಗುತ್ತಿದ್ದ, ಬಾಯಿ ತೆರೆಯುತ್ತಿದ್ದ, ಹೈಯೋ ಮಿಡ್ಡೋ ಎಂದು ಯೋಚಿಸುವಷ್ಟರಲ್ಲಿ ಮುಂದಿನ ನುಡಿ ಬಂದುಬಿಡುತ್ತಿತ್ತು, ಮತ್ತೆ ಅತ್ತ ತಿರುಗಿ ಹಾಡುತ್ತಿದ್ದ. ಹೊಸ ಮಶೀನು ಅಷ್ಟು ಚೆನ್ನಾಗಿದೆ, ದೂರೇ ಇಲ್ಲ ಎಂದು ನಾನು ತಿಳಿದೆ. ಆದರೆ ನನಗೇ ಒಂದು ದೂರಿತ್ತು. ಸದ್ದು ಯಾಕೋ ಮಬ್ಬುಮಬ್ಬಾಗಿ, ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತಿತ್ತು. ಹೈ ಗುಂಡಿಯನ್ನು ವಾರವಾರ ಒಂದೊಂದು ಗೆರೆ ಏರಿಸುತ್ತ ಹೋದೆ. ಮೊದಲು ವಾಯರಿನ ಮೇಲೆ ಅನುಮಾನಪಟ್ಟೆ, ಆಮೇಲೆ ಮೈಕಿನ ಮೇಲೆ, ಕೊನೆಗೆ ಸಿದ್ರಾಮಪ್ಪನ ಹಲ್ಲಿನ ಮೇಲೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಅದಕ್ಕೇ ಸಕಾರ ಸರಿಯಾಗಿ ಬರುತ್ತಿಲ್ಲ ಎಂದು ಸುಭದ್ರಾಗೆ ಹೇಳಿದೆ.

ಅದೇ ಕಾಲಕ್ಕೆ ಜಗತ್ತಿನ ಇನ್ನೂ ಹಲವು ಸಂಗತಿಗಳು ಕೆಟ್ಟಿದ್ದವು. ಟಿವಿಯವರು ಗೊಣಗುತ್ತ ಮಾತಾಡತೊಡಗಿದ್ದರು. ಕುಕ್ಕರಿನ ಸೀಟಿ ಕೂಗುವುದನ್ನು ನಿಲ್ಲಿಸಿತ್ತು. ಸೀಟಿ ಎಣಿಸಿ ಒಲೆ ಆರಿಸಿರಿ ಎಂದು ಸುಭದ್ರಾ ಹೇಳಿಹೋದರೆ ನಾನು ಪಕ್ಕದಲ್ಲೇ ಕೂತು ಬೇಳೆ ಹೊತ್ತಿಸಿದೆ, ವಾಷರ್ ಹಳೆಯದಾಗಿದೆ ಎಂದು ತೀರ್ಪು ಕೊಟ್ಟೆ. ಎಲ್ಲಕ್ಕಿಂತ ದೊಡ್ಡ ವಿಷಾದವೆಂದರೆ ಗುಬ್ಬಿಗಳು. ನಮ್ಮ ಕಡೆ ಗುಬ್ಬಿಗಳೇ ಇಲ್ಲವಾದವು, ಕಲ್ಲಿನ ಧೂಳು ಸಿಮೆಂಟಿನ ಧೂಳು ಎಲ್ಲ ಸೇರಿ ಅವನ್ನು ಓಡಿಸಿದವು ಎಂದು ನಾನು ಒಂದು ಶಾಲೆಯ ಪರಿಸರ ದಿನದಲ್ಲಿ ಗದ್ಗದಿತನಾಗಿ ಭಾಷಣವನ್ನೂ ಮಾಡಿದೆ. ಮಕ್ಕಳು ಒಮ್ಮೆ ನನ್ನನ್ನು, ಒಮ್ಮೆ ಕಿಟಕಿಯನ್ನು ನೋಡುತ್ತಿದ್ದವು. ಅಷ್ಟೊಂದು ಏಕಾಗ್ರತೆಯಿಂದ ಕೇಳಿದ ಮಕ್ಕಳನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಹೀಗಿರುವಾಗ ನೀಲಮ್ಮ ತೀರಿಕೊಂಡಳು. ಮುಂಜಾನೆ ಎದೆ ಹಿಡಿದುಕೊಂಡು ಕೂತವಳು ಏಳಲೇ ಇಲ್ಲವಂತೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಮಣ್ಣಿಗೆ ಒಯ್ಯುವ ತನಕ ಭಜನೆ ನಡೆಯಬೇಕು. ಊರಿನ ಎಷ್ಟೋ ಮನೆಗಳಲ್ಲಿ ಕೂತು ಹಾಡಿದ ಮಂಡಳಿ ಈಗ ತನ್ನದೇ ಪಡಸಾಲೆಯಲ್ಲಿ ಕೂತಿತು. ನೀಲಮ್ಮನನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಬಾಗಿಲ ಸಂದಿಯಲ್ಲಿ ಕೂತು ಕೇಳುತ್ತಿದ್ದವಳು ಅಂದು ಪಡಸಾಲೆಯಲ್ಲೇ ಎಲ್ಲರ ಎದುರು ಕೂತಿದ್ದಳು. ಬೇರೆ ಯಾರಾದರೂ ಹಾಡಲಿ ಎಂದು ಎಷ್ಟು ಹೇಳಿದರೂ ಸಿದ್ರಾಮಪ್ಪ ಕೇಳಲಿಲ್ಲ. "ಆಕಿ ನನ್ನ ಪದ ಬಿಟ್ಟು ಯಾರದೂ ಕೇಳಿಲ್ಲ. ಇವತ್ತೊಂದಿನ ಬ್ಯಾರೆಯವರದು ಯಾಕ ಕೇಳ್ತಾಳ?" ಎಂದು ಮೈಕು ಹಿಡಿದ. ನಾನು ಹಾಡಲಾರೆ, ಅಳಲೂ ನಾಚಿಕೆ. ಆ ಹೆಣ್ಣುಮಗಳು ಇಷ್ಟು ವರ್ಷ ಕೊಟ್ಟ ಚಹಾಕ್ಕೆ ನಾನು ಮಾಡಬಹುದಾದದ್ದು ಒಂದೇ, ಗಂಡನ ದನಿಯನ್ನು ಅವಳಿಗೆ ಶುದ್ಧವಾಗಿ ಮುಟ್ಟಿಸುವುದು. ಆ ಮಬ್ಬು ಅಂದಾದರೂ ಇರಬಾರದೆಂದು ಹೈ ಗುಂಡಿಯನ್ನು ಪೂರ್ತಿ ಏರಿಸಿದೆ. ಗೇನನ್ನೂ ಏರಿಸಿದೆ.

ಸಿದ್ರಾಮಪ್ಪ ಎರಡು ನುಡಿ ಹಾಡಿರಬೇಕು. ಸುಭದ್ರಾ ಸೇರಿ ಮುಂದೆ ಕೂತಿದ್ದ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡೆ. ಒಂದು ಹಸುಗೂಸು ಬಾಯಿ ತೆರೆದು ಅಳತೊಡಗಿತು, ತಾಯಿ ಎತ್ತಿಕೊಂಡು ಹೊರಗೆ ಓಡಿದಳು. ಮೈಬೂಬಸಾಬ ಮುಖ ಕಿವುಚಿದ. ಸಿದ್ರಾಮಪ್ಪ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು. ಒಂದು ಕೈ ಎತ್ತಿ, "ಸರ್... ಅದು... ಹೈ... ಅಲ್ಲ, ಗೇ..." ಎಂದು ತಡವರಿಸಿದ. ನನ್ನ ಅಂಟುಪಟ್ಟಿಗಳ ಮೇಲೆ ಅವನ ಕಣ್ಣು ಒಂದೊಂದಾಗಿ ಹಾದುಹೋಗುವುದು ನನಗೆ ಕಾಣುತ್ತಿತ್ತು, ಹಿಂದಿನ ಬೆಂಚಿನ ಹುಡುಗ ಬೋರ್ಡಿನಲ್ಲಿ ಉತ್ತರ ಹುಡುಕುವ ಹಾಗೆ. ಹೆಂಡತಿಯ ಹೆಣದ ಮುಂದೆ ಅವನು ಸರಿಯಾದ ಹೆಸರು ನೆನಪಿಸಿಕೊಳ್ಳುತ್ತಿದ್ದ. ಅದು ಸಿಗಲಿಲ್ಲ. ಮೈಕಿನ ವಾಯರನ್ನು ತಾನೇ ಕಿತ್ತು ನೆಲಕ್ಕೆ ಇಟ್ಟು, ನೀಲಮ್ಮನ ಹತ್ತಿರ ಸರಿದು ಬರಿಗಂಟಲಲ್ಲೇ ಹಾಡಿದ. ಪಾಪ, ದುಃಖದಲ್ಲಿ ಮೈಕು ಬೇಡವಾಯಿತು ಎಂದು ನಾನು ತಿಳಿದೆ. ಮಶೀನಿನ ಹಿಂದೆ ಗಂಭೀರವಾಗಿ ಕೂತೇ ಇದ್ದೆ.

ಮಣ್ಣು ಮಾಡಿ ಬಂದು ಸ್ನಾನವಾದ ಮೇಲೆ ಸುಭದ್ರಾ ನನ್ನ ಎದುರು ಬಂದು ಕೂತಳು. ಯಾವಾಗಲೂ ಅಡುಗೆಮನೆಯಿಂದಲೇ ಮಾತಾಡುವವಳು ಹೀಗೆ ಎದುರು ಕೂತಳೆಂದರೆ ನನಗೆ ಭಯ.

"ಕೂಸು ಎದ್ದಿತ್ತಲ್ರಿ. ನಿಮಗ ಕೇಳಸಲಿಲ್ಲೇನು?" ಎಂದಳು.

"ಕೇಳಸ್ತು. ಯಾರದೋ ಕೂಸು ಅಳಾಕತ್ತಿತ್ತು. ತಾಯಿ ಹೊರಗ ಒಯ್ದಳು."

"ಆ ಕೂಸಲ್ರಿ. ನಿಮ್ಮ ಮಶೀನಿಂದು. ಕಲ್ಲಿನ ಮನಿ, ತಲಿ ಒಡದು ಹೋಳಾಗಂಗ ಒಂದೇ ಸವನ ಒದರಾಕತ್ತಿತ್ತು. ನೀವು ಅದರ ಮುಂದನೇ ಕುಂತಿದ್ರಿ, ತಾಳಕ್ಕ ತಲಿ ಹಾಕ್ಲಿಕತ್ತಿದ್ರಿ." ಆಮೇಲೆ ದನಿ ಇಳಿಸಿದಳು. "ಕುಕ್ಕರಿಂದು ವಾಷರ್ ಬರೋಬರಿ ಅದರಿ. ನಾ ಹೇಳಬಾರದಂತ ಸುಮ್ಮಿದ್ದೆ."

ನನ್ನ ಕಿವಿ ಮಂದವಾದದ್ದು ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತು, ಇನ್ನೂ ಯಾರ್‍ಯಾರಿಗೆ ಗೊತ್ತಿತ್ತು ಎಂದು ಕೇಳುವ ಧೈರ್ಯ ಬರಲಿಲ್ಲ. ಕಿವಿ ಮುಚ್ಚಿಕೊಂಡ ಹೆಂಗಸರು, ಸಿದ್ರಾಮಪ್ಪನ ಎತ್ತಿದ ಕೈ ಮತ್ತೆ ಮತ್ತೆ ಕಣ್ಣ ಮುಂದೆ ಬಂತು. ಹೆಂಡತಿಗೆ ಅವನು ಕೊಡಬೇಕಿದ್ದ ಕೊನೆಯ ಪದವನ್ನು ನಾನು ಹಾಳು ಮಾಡಿದ್ದೆ.

ಕಲಬುರಗಿಯಲ್ಲಿ ಕಿವಿ ಪರೀಕ್ಷೆ ಮಾಡುವ ಹೆಣ್ಣುಮಗಳು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು. ನನ್ನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿರಿ ಎಂದಳು. ದಪ್ಪ ಸದ್ದುಗಳಿಗೆಲ್ಲ ಜಾಣ ಹುಡುಗನಂತೆ ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಮಶೀನು ಕೆಟ್ಟಿರಬೇಕು ಎಂದು ಹೊರಗೆ ನೋಡಿದರೆ ಅವಳು ಗುಂಡಿ ತಿರುಗಿಸುತ್ತಲೇ ಇದ್ದಳು. ನಕ್ಷೆಯಲ್ಲಿ ನನ್ನ ಕಿವಿಯ ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ ಕಲ್ಲುಗಣಿಯ ಅಂಚಿನಿಂದ ಬಿದ್ದ ಹಾಗೆ ಕೆಳಗೆ ಬಿದ್ದಿತ್ತು. ಅದನ್ನು ಏನೆನ್ನುತ್ತಾರೆಂದು ಅವಳಿಗಿಂತ ಮೊದಲು ನಾನೇ ಹೇಳಿದೆ. ಎತ್ತರದ ಕಂಪನಾಂಕಗಳ ನಷ್ಟ. ಹೆಸರು ಸರಿಯಾಗಿತ್ತು. ಅದರಿಂದ ಯಾವ ಉಪಯೋಗವೂ ಆಗಲಿಲ್ಲ.

ಕಿವಿಯ ಹಿಂದೆ ಸಣ್ಣ ಯಂತ್ರಗಳನ್ನು ಸಿಕ್ಕಿಸಿ, ಕಂಪ್ಯೂಟರ್ ನೋಡುತ್ತ ಅವಳು, "ಹ್ಯಾಂಗ ಕೇಳಸ್ತದ್ರಿ ಸರ್? ಶಾರ್ಪ್ ಅನಸ್ತದ? ಬೂಮಿಂಗ್ ಅನಸ್ತದ?" ಎಂದು ಕೇಳಿದಳು. ತಲೆಯ ಮೇಲಿನ ಫ್ಯಾನು, ಅವಳ ಬಳೆ, ನನ್ನದೇ ಅಂಗಿಯ ಕಾಲರು, ಎಲ್ಲ ಒಮ್ಮೆಗೇ ಮೈಮೇಲೆ ಬಿದ್ದಿದ್ದವು. ಯಾವ ಕಂಪನಾಂಕ ಎಷ್ಟು ಹೆಚ್ಚಾಗಿದೆ ಎಂದು ಪುಸ್ತಿಕೆಯ ಭಾಷೆಯಲ್ಲಿ ಹೇಳಲು ಬಾಯಿ ತೆರೆದೆ. ಆ ಗದ್ದಲದಲ್ಲಿ ಒಂದು ಹೆಸರೂ ಹತ್ತಿರ ಸುಳಿಯಲಿಲ್ಲ. ಸಿದ್ರಾಮಪ್ಪ ಎತ್ತಿದ ಹಾಗೆಯೇ ನನ್ನ ಕೈಯೂ ಮೇಲೆದ್ದಿತ್ತು. ಕೊನೆಗೆ "ಖಾರ" ಎಂದೆ. ಅವಳು ಯಾಕೆ, ಏನು ಎಂದು ಕೇಳದೆ ಏನೋ ಒತ್ತಿದಳು, ಉರಿ ಇಳಿಯಿತು. ನಿನ್ನೆ ಬಂದಿದ್ದ ಅಜ್ಜಿಯೊಬ್ಬಳು ಸ್ಟೀಲ್ ಡಬ್ಬಿಯೊಳಗೆ ತಲೆ ಇಟ್ಟ ಹಾಗಿದೆ ಅಂದಿದ್ದಳಂತೆ, ಅದಕ್ಕೂ ಅದೇ ಗುಂಡಿಯಂತೆ. ಹೊರಡುವಾಗ ಒಂದು ಮಾತು ಹೇಳಿದಳು: ಇವು ಮಾತು ಕೇಳಲಿಕ್ಕೆ ಮಾಡಿದವು, ಹಾಡು ಮಾತ್ರ ಮೊದಲಿನ ಹಾಗೆ ಕೇಳುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿರಿ.

ರೈಲಿಳಿದು ಮನೆಗೆ ಬಂದರೆ ಅಂಗಳದ ತುಂಬ ಗುಬ್ಬಿಗಳ ಚಿಲಿಪಿಲಿ. ಅವು ಎಲ್ಲಿಗೂ ಹೋಗಿರಲಿಲ್ಲ, ಅಷ್ಟೂ ಅಲ್ಲೇ ಇದ್ದವು, ದನಿ ಕೇಳದೆ ನಾನೇ ಕಣ್ಣೆತ್ತಿ ನೋಡಿರಲಿಲ್ಲ. ನಾನು ಭಾಷಣ ಮಾಡುವಾಗ ಶಾಲೆಯ ಕಿಟಕಿಯಲ್ಲೂ ಇದ್ದಿರಬೇಕು. ಮಕ್ಕಳು ಅತ್ತ ಯಾಕೆ ನೋಡುತ್ತಿದ್ದವೆಂದು ಆಗ ಹೊಳೆಯಿತು. ಆದರೆ ಅವಳು ಹೇಳಿದ್ದೂ ನಿಜವಾಯಿತು. ಮನೆಯಲ್ಲಿ ಒಂದು ಹಾಡು ಹಚ್ಚಿ ಕೇಳಿದೆ. ಹಾರ್ಮೋನಿಯಂ ನೀರಿನಲ್ಲಿ ಮುಳುಗಿ ನುಡಿದ ಹಾಗೆ, ತಬಲಾ ರಟ್ಟಿನ ಡಬ್ಬಿ ಬಡಿದ ಹಾಗೆ ಕೇಳಿಸಿತು. ಇನ್ನು ನನ್ನ ಕಿವಿಯನ್ನು ನಂಬಿ ಗುಂಡಿ ತಿರುಗಿಸುವಂತಿರಲಿಲ್ಲ. ಯಾರಾದರೂ ಹೇಳಿದರೆ ಮಾತ್ರ ತಿರುಗಿಸಬಹುದಿತ್ತು.

ದುಃಖದ ದಿನಗಳು ಕಳೆದು ಮಂಡಳಿ ಮತ್ತೆ ಕೂತಾಗ ನಾನು ಹೋದೆ. ಯಂತ್ರ ಕಾಣದ ಹಾಗೆ ಮಫ್ಲರ್ ಸುತ್ತಿಕೊಂಡು ಹೋದೆ. ಅದು ತಿಕ್ಕಿದಾಗಲೆಲ್ಲ ಯಾರೋ ಕಿವಿಯ ಹತ್ತಿರವೇ ಪ್ಲಾಸ್ಟಿಕ್ ಚೀಲ ಮಡಚುತ್ತಿರುವ ಹಾಗಾಗುತ್ತಿತ್ತು. ಸಿದ್ರಾಮಪ್ಪನ ಕೈ ಹಿಡಿದು ತಪ್ಪಾಯಿತೆಂದು ಹೇಳಲು ಹೋದರೆ ಅವನು, "ಹೋಗ್ಲಿ ಬಿಡ್ರಿ ಸರ್, ಆಕಿಗಿ ಕೇಳಸ್ಯದ" ಎಂದಷ್ಟೇ ಹೇಳಿದ. ಕಿವಿಯ ವಿಷಯ ಹೇಳಲು ನನಗೆ ನಾಚಿಕೆಯಾಯಿತು. ಹೆಸರುಗಳ ವಿಷಯ ಹೇಳಿದೆ: ಹಳೆಯವೇ ಇರಲಿ, ಖಾರ, ಗುದ್ದು, ಏನು ಬಾಯಿಗೆ ಬರುತ್ತದೋ ಅದನ್ನೇ ಅನ್ನಿ. ಎಲ್ಲರೂ ಬಹಳ ಬೇಗ ಒಪ್ಪಿಕೊಂಡರು. ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು.

ಹಾಡು ಶುರುವಾಯಿತು. "ಸರ್, ಜರಾ ಖಾರ ಇಳಸ್ರಿ" ಎಂದ ಸಿದ್ರಾಮಪ್ಪ. ಇಳಿಸಿದೆ. "ಹಾಂ, ಈಗ ಬರೋಬರಿ ಆತು." ಎದೆ ಉಬ್ಬಿತು. "ಸರ್, ಗುಮ್ಮಟ ಏರಸ್ರಿ." ಏರಿಸಿದೆ. "ಬೇಶ್ ಸರ್!" ಒಂದೆರಡು ಸೋಮವಾರ ಹೀಗೆ ಸಂತೋಷದಿಂದ ಕಳೆದವು. ಮಿಕ್ಸರಿನ ಕರೆಂಟಿನ ದೀಪ ಉರಿಯುತ್ತಿತ್ತು, ದನಿಯ ಜೊತೆ ಕುಣಿಯಬೇಕಾದ ಹಸಿರು ದೀಪ ಮಾತ್ರ ಸತ್ತಂತಿತ್ತು. ದೀಪದೊಳಗೆ ಧೂಳು ಹೊಕ್ಕಿರಬೇಕೆಂದು ಬಿಟ್ಟೆ. ಅದರ ಮುಂದಿನ ಸೋಮವಾರ ಮಫ್ಲರನ್ನು ಸರಿಮಾಡಿಕೊಳ್ಳುವಾಗ ಅದರ ತುದಿ ಆವಾಜಿನ ದೊಡ್ಡ ಗುಂಡಿಗೆ ಸಿಕ್ಕಿ ಅದನ್ನು ಸೊನ್ನೆಗೆ ಎಳೆದುಬಿಟ್ಟಿತು. ಹಾಡು ನಿಂತುಹೋಗುತ್ತದೆಂದು ಗಾಬರಿಯಾದೆ. ಹಾಡು ನಿಲ್ಲಲಿಲ್ಲ. ಸ್ಪೀಕರಿನಿಂದ ಸಿದ್ರಾಮಪ್ಪನ ದನಿ ಹಾಗೇ ಬರುತ್ತಿತ್ತು. ನಿಧಾನವಾಗಿ ಖಾರವನ್ನು ಪೂರ್ತಿ ಏರಿಸಿದೆ, ಪೂರ್ತಿ ಇಳಿಸಿದೆ. ಏನೂ ಆಗಲಿಲ್ಲ. ಆಗ ವಾಯರನ್ನು ಕಣ್ಣಿನಿಂದ ಹಿಂಬಾಲಿಸಿದೆ. ಮೈಕಿನ ವಾಯರು ನನ್ನ ಮಿಕ್ಸರಿಗೆ ಬಂದೇ ಇರಲಿಲ್ಲ. ಜಮಖಾನೆಯ ಅಡಿಯಿಂದ ನೇರವಾಗಿ ಸ್ಪೀಕರ್ ಪೆಟ್ಟಿಗೆಯ ಬೆನ್ನಿಗೆ ಹೋಗಿತ್ತು. ಆ ಬೆನ್ನಿನಲ್ಲೂ ನಾಲ್ಕು ಗುಂಡಿಗಳಿದ್ದವು. ಸಿದ್ರಾಮಪ್ಪ ನನಗೆ ಹೇಳಿದ್ದನ್ನು ಕೇಳಿ, ತಬಲಾದ ಮೇಲಿನ ಒಂದು ಕೈ ಬಿಡುವು ಮಾಡಿಕೊಂಡು, ಮೈಬೂಬಸಾಬ ಅಲ್ಲಿ ತಿರುಗಿಸುತ್ತಿದ್ದ.

ಅಂದು ಹಾರ್ಮೋನಿಯಂಗೆ ಚಿತ್ತಾಪುರದಿಂದ ಹೊಸಬನೊಬ್ಬ ಬಂದಿದ್ದ. ಪದ ಮುಗಿದ ಸಂದಿನಲ್ಲಿ ಅವನು ಮೈಬೂಬಸಾಬನ ಕಡೆ ಬಾಗಿ ಪಿಸುಗುಟ್ಟಿದ. ಒಂದು ತಿಂಗಳ ಹಿಂದೆ ಅದು ನನಗೆ ಕೇಳಿಸುವ ಸಾಧ್ಯತೆಯೇ ಇರಲಿಲ್ಲ. ಕಲಬುರಗಿಯ ಯಂತ್ರ ಪ್ರತಿ ಅಕ್ಷರವನ್ನೂ ತಂದು ಕೊಟ್ಟಿತು.

"ಆ ಹಿರಿಯರ ಮುಂದಿನ ಪೆಟಿಗಿ ಏನ್ರಿ ಅದು? ಅದರ ವಾಯರ್ ಎಲ್ಲೂ ಹೋಗೇ ಇಲ್ಲಲ್ಲ."

"ಅದಕ್ಕ ನಾವು 'ಸರ್' ಅಂತೀವ್ರಿ" ಎಂದ ಮೈಬೂಬಸಾಬ. "ಅದಕ್ಕ ಏನೂ ಹತ್ತಿಲ್ಲ. ಖಾಲಿ ದೀಪ ಹಚ್ಚಿಡ್ತೀವಿ."

"ಯಾಕ?"

"ಹಚ್ಚಲಿಲ್ಲಂದ್ರ ಅವರು ಎಲ್ಲಿ ಕುಂದರಬೇಕು?"

ಮೊದಲು ಸಿಟ್ಟು ಬಂತು. ಎದ್ದು ಮಫ್ಲರ್ ಕಿತ್ತೆಸೆದು, ನನಗೆ ಎಲ್ಲ ಕೇಳಿಸುತ್ತದೆ ಎಂದು ಕೂಗಬೇಕೆನಿಸಿತು. ಕೂಗಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಅವರು ನಾಚಿಕೊಂಡು ವಾಯರನ್ನು ನನ್ನ ಮಿಕ್ಸರಿಗೇ ಹಚ್ಚುತ್ತಾರೆ. ನೀರಿನಲ್ಲಿ ಮುಳುಗಿದ ಹಾರ್ಮೋನಿಯಂ ಕೇಳುವ ಈ ಕಿವಿ ಹಿಡಿದುಕೊಂಡು ನಾನು ಮತ್ತೆ ಯಾರದಾದರೂ ಸಾವಿನ ಮನೆ ಕೆಡಿಸುತ್ತೇನೆ. ಇಲ್ಲವೇ ನಾಳೆಯಿಂದ ಹೆಂಗಸರ ಹಿಂದೆ, ಗೋಡೆಯ ಹತ್ತಿರ, ಕೇಳುಗನಾಗಿ ಕೂರುತ್ತೇನೆ. ಕಿವಿ ಕೇಳಿಸದಿದ್ದಾಗ ಕೇಳಿಸುತ್ತದೆ ಎಂದು ಆ ಜಾಗದಲ್ಲಿ ಕೂತಿದ್ದೆ. ಈಗ ಕೇಳಿಸುತ್ತದೆ, ಅಲ್ಲೇ ಕೂರಬೇಕಾದರೆ ಕೇಳಿಸದವನ ಹಾಗೆ ಕೂರಬೇಕು. ಮನೆಗೆ ಬಂದು ಪುಸ್ತಿಕೆಯನ್ನು ಪುಟ ಪುಟ ಹುಡುಕಿದೆ. ಯಾವುದಕ್ಕೂ ಹತ್ತದೆ ಬರೀ ದೀಪ ಉರಿಯುವ ಯಂತ್ರಕ್ಕೆ ತಾಂತ್ರಿಕ ಹೆಸರು ಏನೂ ಕೊಟ್ಟಿರಲಿಲ್ಲ. ಮಂಡಳಿಯವರು ಇಟ್ಟ ಹೆಸರೇ ಇರಲಿ ಎಂದುಕೊಂಡೆ.

ಮುಂದಿನ ಸೋಮವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ದೀಪ ಹಚ್ಚಿದೆ. ಹಾಡು ಮೇಲೇರುತ್ತಿದ್ದ ಹಾಗೆ ಸಿದ್ರಾಮಪ್ಪ ತಿರುಗಿ, "ಸರ್, ಗುದ್ದು ಜರಾ ಏರಸ್ರಿ" ಎಂದ. ಮೈಬೂಬಸಾಬನ ಎಡಗೈ ತಬಲಾ ಬಿಟ್ಟು ಹಿಂದೆ ಸರಿಯುವ ತನಕ ಕಾದೆ. ಆಮೇಲೆ, ಅವನ ಕೈ ಕಾಣದವನ ಹಾಗೆ, ಬಹಳ ಹುಷಾರಾಗಿ ಒಂದೇ ಒಂದು ಗೆರೆ ಏರಿಸಿದೆ. "ಈಗ ಬೇಶ್ ಆತ್ರಿ ಸರ್" ಎಂದರು. ನಾನೂ ತಲೆಯಾಡಿಸಿದೆ. ನೀವು ನಗಬಾರದು, ನಾನು ತಿರುಗಿಸಿದ ಮೇಲೆ ನಿಜವಾಗಿಯೂ ಸ್ವಲ್ಪ ಚೆನ್ನಾಗಿಯೇ ಕೇಳಿಸಿತು.